100 ಮೀಟರ್‌ನಲ್ಲಿ ಅರ್ಧ ಇಂಚು, 1000 ಮೀಟರ್‌ನಲ್ಲಿ ಅರ್ಧ ಮೀಟರು: ಮ್ಯಾಚ್ ಅಮ್ಯುನಿಷನ್ ಆರಿಸೋದು ಹೇಗೆ?

ಪ್ರಶ್ನೆ: ನನ್ನದು 6.5 ಕ್ರೀಡ್‌ಮೋರ್ ಕಾರ್ಟ್ರಿಡ್ಜ್ ಹೊಡೆಯೋ ಬೋಲ್ಟ್ ಆಕ್ಷನ್ ರೈಫಲ್ಲು, 24 ಇಂಚು ಬ್ಯಾರಲ್, 1:8 ಟ್ವಿಸ್ಟ್ (ಬ್ಯಾರಲ್ ಒಳಗಿನ ಸುರುಳಿ ಗೆರೆಗಳು, ಅಂದ್ರೆ ರೈಫ್ಲಿಂಗ್, 8 ಇಂಚಿಗೆ ಒಂದು ಸುತ್ತು). ರೀಲೋಡಿಂಗ್, ಅಂದ್ರೆ ಕಾರ್ಟ್ರಿಡ್ಜನ್ನ ಕೈಯಲ್ಲೇ ತಯಾರಿಸೋದು, ಮಾಡಲ್ಲ, ಫ್ಯಾಕ್ಟರಿ ಮ್ಯಾಚ್ (ಸ್ಪರ್ಧೆಗೆ ಅಂತ ಮಾಡಿದ) ಅಮ್ಯುನಿಷನ್ನೇ ಹೊಡೆಯೋದು. 140 ಗ್ರೇನ್ (ಸುಮಾರು 9 ಗ್ರಾಂ) ಬುಲೆಟ್ ಇರೋ ಒಂದು ಬ್ರ್ಯಾಂಡು 100 ಮೀಟರ್‌ನಲ್ಲಿ ಐದಕ್ಕೈದೂ ಅರ್ಧ ಇಂಚೊಳಗೆ ಕೂರುತ್ತೆ. ಅದೇ ಡಬ್ಬಿ ತಗೊಂಡು 1000 ಮೀಟರ್‌ಗೆ ಹೋದ್ರೆ ಅಡ್ಡಕ್ಕೆ ಪರವಾಗಿಲ್ಲ, ಆದ್ರೆ ಮೇಲೆ ಕೆಳಗೆ ಹತ್ರಹತ್ರ ಅರ್ಧ ಮೀಟರ್ ಹರಡಿಬಿಡುತ್ತೆ. ಇನ್ನೂ ದುಬಾರಿ ಬ್ರ್ಯಾಂಡ್ ತಗೋಬೇಕಾ, ಭಾರದ ಬುಲೆಟ್‌ಗೆ ಹೋಗ್ಬೇಕಾ, ಇಲ್ಲಾ ಡಬ್ಬಿ ಮೇಲೆ ಬರ್ದಿರೋ ಬಿ.ಸಿ. (ಬ್ಯಾಲಿಸ್ಟಿಕ್ ಕೊಎಫಿಶಿಯೆಂಟ್, ಗುಂಡು ಗಾಳಿಯನ್ನ ಎಷ್ಟು ಚೆನ್ನಾಗಿ ಸೀಳ್ಕೊಂಡು ಹೋಗುತ್ತೆ ಅನ್ನೋ ಅಳತೆ) ನಂಬರ್ ನೋಡಿ ಆರಿಸ್ಬೇಕಾ?

ಉತ್ತರ: ಮೊದಲು ಏನನ್ನೂ ಕೊಳ್ಳಬೇಡಿ. ನೀವು ಬರ್ದಿರೋದ್ರಲ್ಲೇ ಅರ್ಧ ಉತ್ತರ ಇದೆ, ಅಡ್ಡಕ್ಕೆ ಪರವಾಗಿಲ್ಲ, ಉದ್ದಕ್ಕೆ ಮಾತ್ರ ಹರಡುತ್ತೆ ಅಂದ್ರಲ್ಲ, ಅದು ಸಾಮಾನ್ಯವಾಗಿ ಗುಂಡಿನ ವೇಗ ಶಾಟ್‌ನಿಂದ ಶಾಟ್‌ಗೆ ಬದಲಾಗ್ತಿರೋದ್ರ ಗುರುತು. ಆದ್ರೆ "ಸಾಮಾನ್ಯವಾಗಿ" ಅನ್ನೋದು ಸಾಲದು, ಅದನ್ನ ಖಚಿತ ಮಾಡ್ಕೊಂಡೇ ಮುಂದಕ್ಕೆ ಹೋಗ್ಬೇಕು, ಅದಕ್ಕೊಂದು ದಾರಿ ಇದೆ, ಹೇಳ್ತೀನಿ.

100 ಮೀಟರ್‌ನಲ್ಲಿ ಇದು ಯಾಕೆ ಕಾಣಲ್ಲ ಅನ್ನೋದನ್ನ ಮೊದಲು ನೋಡೋಣ, ಯಾಕಂದ್ರೆ ಎಷ್ಟೋ ಜನ ಚೆನ್ನಾಗಿ ಹೊಡೆಯೋರೂ ಇಲ್ಲೇ ಮೋಸ ಹೋಗ್ತಾರೆ. ನಿಮ್ಮ ಬುಲೆಟ್ ಬ್ಯಾರಲ್‌ನಿಂದ ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತೆ ಅಂದ್ಕೊಳ್ಳಿ. 100 ಮೀಟರ್ ತಲುಪೋಕೆ ಸೆಕೆಂಡಿನ ಎಂಟನೇ ಒಂದು ಭಾಗ ಸಾಕು, ಅಷ್ಟರಲ್ಲಿ ಅದು ಬ್ಯಾರಲ್ ಗೆರೆಯಿಂದ ಕೆಳಗಿಳಿಯೋದು ಏಳೆಂಟು ಸೆಂಟಿಮೀಟರ್. ಈಗ ಒಂದು ಕಾರ್ಟ್ರಿಡ್ಜ್ 10 ಮೀಟರ್ ವೇಗ ಕಮ್ಮಿ ಬಂತು ಅನ್ನಿ, ಆ ಏಳೆಂಟು ಸೆಂಟಿಮೀಟರ್‌ಗೆ ಇನ್ನೊಂದು ಎರಡು ಮಿಲಿಮೀಟರ್ ಸೇರುತ್ತೆ ಅಷ್ಟೆ, ಕಾಗದದ ಮೇಲೆ ಗುಂಡಿನ ತೂತೇ ಆರೂವರೆ ಮಿಲಿಮೀಟರ್ ಇರುವಾಗ ಈ ಎರಡನ್ನ ಯಾರು ಕಂಡ್ರು? ಅದೇ ಗುಂಡು 1000 ಮೀಟರ್‌ಗೆ ಹೋಗೋ ಹೊತ್ತಿಗೆ ಹನ್ನೊಂದು ಮೀಟರ್ ಚಿಲ್ಲರೆ ಕೆಳಗಿಳಿದಿರುತ್ತೆ. ಅಲ್ಲಿ ಅದೇ 10 ಮೀಟರ್ ವೇಗದ ವ್ಯತ್ಯಾಸ 25 ಸೆಂಟಿಮೀಟರ್ ಮೇಲೆ ತೋರಿಸುತ್ತೆ. ನಿಮ್ಮ ಕ್ಯಾಲಿಬರ್‌ಗೆ, ಆ ದೂರಕ್ಕೆ, ಸೆಕೆಂಡಿಗೆ ಒಂದು ಮೀಟರ್ ವ್ಯತ್ಯಾಸ ಅಂದ್ರೆ ಟಾರ್ಗೆಟ್ ಮೇಲೆ ಎರಡೂವರೆ ಸೆಂಟಿಮೀಟರ್ ಅಂತ ಇಟ್ಕೊಳ್ಳಿ, ಒರಟು ಲೆಕ್ಕ, ಆದ್ರೆ ಆರಿಸೋ ಕೆಲಸಕ್ಕೆ ಸಾಕು. ನಿಮ್ಮ ಅರ್ಧ ಮೀಟರ್ ಹರಡುವಿಕೆ ಪೂರ್ತಿ ವೇಗದಿಂದಲೇ ಬಂದಿದ್ರೆ ಅತಿ ವೇಗದ ಶಾಟಿಗೂ ಅತಿ ನಿಧಾನದ ಶಾಟಿಗೂ 18-20 ಮೀಟರ್ ಅಂತರ ಇರ್ಬೇಕು. ಫ್ಯಾಕ್ಟರಿ ಅಮ್ಯುನಿಷನ್‌ನಲ್ಲಿ ಅದೇನೂ ಅಪರೂಪ ಅಲ್ಲ, "ಮ್ಯಾಚ್" ಅಂತ ದೊಡ್ಡದಾಗಿ ಬರ್ದಿರೋ ಡಬ್ಬಿಯಲ್ಲೂ ಸಿಗುತ್ತೆ.

ಹಾಗಾಗಿ ದೂರದ ಶೂಟಿಂಗ್‌ಗೆ ಅಮ್ಯುನಿಷನ್ ಆರಿಸೋದು ಅಂದ್ರೆ ನನ್ನ ಪ್ರಕಾರ ಮೊದಲನೇ ಕೆಲಸ ಕ್ರೋನೋಗ್ರಾಫ್ ಇಟ್ಟು ವೇಗ ಅಳೆಯೋದು, ಗ್ರೂಪ್, ಅಂದ್ರೆ ಗುಂಡುಗಳು ಎಷ್ಟು ಒತ್ತಾಗಿ ಬಿದ್ದಿವೆ ಅಂತ, ನೋಡೋದು ಅದಾದ ಮೇಲೆ. ಈಗ ಪುಟ್ಟ ಡಾಪ್ಲರ್ ರೇಡಾರ್ ಯಂತ್ರಗಳು ಬಂದಿವೆ, ರೈಫಲ್ ಪಕ್ಕ ಇಟ್ರೆ ಆಯ್ತು, ಬ್ಯಾರಲ್ ಮುಟ್ಟೋದೇ ಇಲ್ಲ. ಬ್ಯಾರಲ್ ತುದಿಗೆ ಕಟ್ಟೋ ಥರದ್ದು ಇದ್ರೂ ವೇಗ ಸರಿಯಾಗೇ ಹೇಳುತ್ತೆ, ಆದ್ರೆ ಆ ತೂಕ ತುದಿಯಲ್ಲಿ ನೇತಾಡ್ತಿರೋವಾಗ ಹೊಡೆದ ಗ್ರೂಪನ್ನ ಲೆಕ್ಕಕ್ಕೆ ತಗೋಬೇಡಿ, ಗುಂಡು ಬೀಳೋ ಜಾಗವೇ ಬದಲಾಗುತ್ತೆ. ಡಬ್ಬಿ ಮೇಲಿನ ವೇಗ ಮಾತ್ರ ನಂಬಬೇಡಿ, ಅದು ಅವರ ಟೆಸ್ಟ್ ಬ್ಯಾರಲ್‌ದು, ಅಷ್ಟೇ ಉದ್ದದ ನಿಮ್ಮ ಬ್ಯಾರಲ್‌ನಲ್ಲೂ ಅದೇ ಬರ್ಬೇಕು ಅಂತೇನಿಲ್ಲ.

ಅಳೆದ ಮೇಲೆ ಎರಡು ನಂಬರ್ ಸಿಗುತ್ತೆ, ಒಂದು ಎಸ್.ಡಿ., ಅಂದ್ರೆ ಸರಾಸರಿ ವೇಗದ ಸುತ್ತ ಶಾಟ್‌ಗಳು ಎಷ್ಟು ಚದುರಿವೆ ಅನ್ನೋ ಅಳತೆ, ಇನ್ನೊಂದು ಇ.ಎಸ್., ಅಂದ್ರೆ ಅತಿ ಜಾಸ್ತಿಗೂ ಅತಿ ಕಮ್ಮಿಗೂ ಇರೋ ಅಂತರ. ಜನ ಇ.ಎಸ್. ನೋಡಿ ಖುಷಿ ಪಡ್ತಾರೆ, ಐದು ಶಾಟ್ ಹೊಡೆದು "ನನ್ನದು ಬರೀ 6 ಮೀಟರ್" ಅಂತಾರೆ. ಇ.ಎಸ್. ಅನ್ನೋದು ಶಾಟ್ ಹೆಚ್ಚಾದ ಹಾಗೆ ಬೆಳೀತಾ ಹೋಗೋ ನಂಬರ್. ಒಂದೇ ಅಮ್ಯುನಿಷನ್ ಐದು ಶಾಟ್‌ನಲ್ಲಿ ಸರಾಸರಿ ಎಸ್.ಡಿ.ಯ 2.3 ಪಟ್ಟು ಇ.ಎಸ್. ತೋರಿಸಿದ್ರೆ ಇಪ್ಪತ್ತು ಶಾಟ್‌ನಲ್ಲಿ 3.7 ಪಟ್ಟು ತೋರಿಸುತ್ತೆ. ಹಾಗಂತ ಐದು ಶಾಟ್‌ನ ಎಸ್.ಡಿ. ಆದ್ರೂ ನಂಬಬಹುದಾ ಅಂದ್ರೆ ಅದೂ ಇಲ್ಲ. ಐದು ಶಾಟ್‌ಗೆ ಎಸ್.ಡಿ. 3 ಬಂತು ಅಂದ್ರೆ ಆ ಅಮ್ಯುನಿಷನ್‌ನ ನಿಜವಾದ ಎಸ್.ಡಿ. 1.8 ಇರಬಹುದು, 8.6ರ ತನಕವೂ ಇರಬಹುದು, ನೂರಕ್ಕೆ ತೊಂಬತ್ತೈದು ಖಾತ್ರಿಯಲ್ಲಿ ಹೇಳೋಕಾಗೋದು ಅಷ್ಟೇ. 1.8 ಅಂದ್ರೆ ಚಿನ್ನದಂಥ ಅಮ್ಯುನಿಷನ್, 8.6 ಅಂದ್ರೆ ದೂರಕ್ಕೆ ಕೆಲಸಕ್ಕೇ ಬಾರದ್ದು, ಐದು ಶಾಟಿಗೆ ಈ ಎರಡನ್ನ ಬೇರೆ ಮಾಡಿ ತೋರಿಸೋ ಶಕ್ತಿ ಇಲ್ಲ. ಅದೇ ಇಪ್ಪತ್ತು ಶಾಟ್ ಹೊಡೆದು 3 ಬಂದ್ರೆ ನಿಜವಾದದ್ದು 2.3ರಿಂದ 4.4ರ ಒಳಗೆ ಬಂದು ನಿಲ್ಲುತ್ತೆ. ಒಂದು ಡಬ್ಬಿ ಪೂರ್ತಿ ಖರ್ಚಾಗುತ್ತೆ ಅಂತ ಹೊಟ್ಟೆ ಉರಿಯುತ್ತೆ ನಿಜ, ಆದ್ರೆ ಐದೈದು ಹೊಡೆದು ನಾಲ್ಕು ಬ್ರ್ಯಾಂಡ್ ಹೋಲಿಸೋದು ಅದಕ್ಕಿಂತ ದೊಡ್ಡ ನಷ್ಟ.

ಎಷ್ಟು ಎಸ್.ಡಿ. ಬಂದ್ರೆ ಒಳ್ಳೇದು? 1000 ಮೀಟರ್‌ಗೆ ಸೆಕೆಂಡಿಗೆ 3 ಮೀಟರ್ ಅಥವಾ ಅದಕ್ಕಿಂತ ಕಮ್ಮಿ ಸಿಕ್ಕಿದ್ರೆ ಕಣ್ಣುಮುಚ್ಚಿ ಇಟ್ಕೊಳ್ಳಿ, ಡಬ್ಬಿ ಭಾಷೆಯಲ್ಲಿ ಹೇಳೋದಾದ್ರೆ ಸೆಕೆಂಡಿಗೆ 10 ಅಡಿ. ಅದರಲ್ಲೂ ಲೆಕ್ಕ ಹಾಕಿ ನೋಡಿ, ಎಸ್.ಡಿ. 3 ಇದ್ರೆ ಇಪ್ಪತ್ತು ಶಾಟ್‌ಗೆ ಇ.ಎಸ್. 11 ಆಗುತ್ತೆ, ಅಂದ್ರೆ ಟಾರ್ಗೆಟ್ ಮೇಲೆ 28 ಸೆಂಟಿಮೀಟರ್ ಎತ್ತರದ ಹರಡುವಿಕೆ ಬರೀ ವೇಗದಿಂದಲೇ, ಆ ದೂರದಲ್ಲಿ ಒಂದು ಮಿನಿಟ್ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಅಂದ್ರೆ 29 ಸೆಂಟಿಮೀಟರ್. ಎಫ್-ಕ್ಲಾಸ್ (ಮಲಗಿ, ಆಸರೆ ಇಟ್ಟು, ಸ್ಕೋಪ್ ಹಾಕಿ ದೂರಕ್ಕೆ ಹೊಡೆಯೋ ಸ್ಪರ್ಧೆ) ಟಾರ್ಗೆಟ್‌ನಲ್ಲಿ 1000 ಗಜಕ್ಕೆ ಪೂರ್ತಿ ಅಂಕ ಕೊಡೋ ವೃತ್ತ 10 ಇಂಚು, ಅದರೊಳಗಿನ ಟೈ ಮುರಿಯೋ ವೃತ್ತ 5 ಇಂಚು, ಅಂದ್ರೆ ಒಂದು ಮಿನಿಟ್ ಮತ್ತು ಅರ್ಧ ಮಿನಿಟ್. ಒಳ್ಳೆ ಫ್ಯಾಕ್ಟರಿ ಅಮ್ಯುನಿಷನ್ನೂ ಆ ದೊಡ್ಡ ವೃತ್ತವನ್ನ ಮೇಲಿಂದ ಕೆಳಗಿನ ತನಕ ತುಂಬಿಬಿಡುತ್ತೆ, ಗಾಳಿಗೆ, ನಿಮ್ಮ ಉಸಿರಿಗೆ ಜಾಗವೇ ಉಳಿಯಲ್ಲ. ಮೇಲಿನ ಹಂತದ ಸ್ಪರ್ಧಿಗಳು ಯಾಕೆ ಒಂದೊಂದು ಕಾರ್ಟ್ರಿಡ್ಜನ್ನೂ ಕೈಯಲ್ಲೇ ತಯಾರಿಸ್ಕೋತಾರೆ ಅನ್ನೋದು ಇಲ್ಲೇ ಅರ್ಥ ಆಗುತ್ತೆ. 600 ಮೀಟರ್ ತನಕ ಮಾತ್ರ ಹೊಡೆಯೋದಾದ್ರೆ 4-5 ಮೀಟರ್ ಎಸ್.ಡಿ.ಯಲ್ಲೂ ಸಂತೋಷವಾಗಿ ಹೊಡೀಬಹುದು. 6 ದಾಟಿದ್ರೆ 1000 ಮೀಟರ್ ಆಸೆ ಅದರ ಮೇಲೆ ಇಟ್ಕೋಬೇಡಿ, 100 ಮೀಟರ್ ಗ್ರೂಪ್ ಎಷ್ಟೇ ಮುದ್ದಾಗಿದ್ರೂ ಸರಿ.

ಈಗ ನಿಮ್ಮ ತೊಂದ್ರೆ ನಿಜವಾಗಿಯೂ ಅಮ್ಯುನಿಷನ್‌ದೇನಾ ಅಂತ ಹಿಡಿಯೋ ದಾರಿ. 1000 ಮೀಟರ್‌ನಲ್ಲಿ ಕ್ರೋನೋಗ್ರಾಫ್ ಇಟ್ಕೊಂಡೇ ಹೊಡೀರಿ, ಒಂದೊಂದು ಶಾಟಿಗೂ ವೇಗ ಬರ್ಕೊಳ್ಳಿ, ಪಕ್ಕದಲ್ಲೇ ಆ ಗುಂಡು ಟಾರ್ಗೆಟ್ ನಡುವಿನಿಂದ ಎಷ್ಟು ಮೇಲೆ ಅಥವಾ ಕೆಳಗೆ ಬಿತ್ತು ಅಂತ ಬರ್ಕೊಳ್ಳಿ. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ರೆ ಸುಲಭ, ಇಲ್ಲಾಂದ್ರೆ ಕೆಳಗೆ ಪಿಟ್‌ನಲ್ಲಿ ಇರೋರು ಪ್ರತಿ ಶಾಟಿಗೂ ಮಾರ್ಕ್ ಮಾಡಿ ತೋರಿಸ್ಬೇಕು. ಹದಿನೈದು-ಇಪ್ಪತ್ತು ಶಾಟ್ ಆದ ಮೇಲೆ ಆ ಎರಡು ಸಾಲನ್ನ ಒಟ್ಟಿಗೆ ನೋಡಿ. ವೇಗ ಜಾಸ್ತಿ ಇರೋವೆಲ್ಲಾ ಮೇಲೆ, ಕಮ್ಮಿ ಇರೋವೆಲ್ಲಾ ಕೆಳಗೆ ಬಿದ್ದಿದ್ರೆ ತಪ್ಪು ಅಮ್ಯುನಿಷನ್‌ದು, ಮುಗೀತು, ಬದಲಾಯಿಸಿ. ವೇಗಕ್ಕೂ ಎತ್ತರಕ್ಕೂ ಸಂಬಂಧವೇ ಇಲ್ಲದ ಹಾಗೆ ಬಿದ್ದಿದ್ರೆ ಎಷ್ಟು ದುಬಾರಿ ಡಬ್ಬಿ ತಂದ್ರೂ ಅದು ಸರಿ ಹೋಗಲ್ಲ, ಆಗ ಸ್ಕೋಪ್‌ನ ಪ್ಯಾರಲ್ಯಾಕ್ಸ್ (ಕಣ್ಣು ಸ್ವಲ್ಪ ಅಲ್ಲಾಡಿದ್ರೂ ಗುರಿ ಗೆರೆ ಜಾಗ ಬಿಡದ ಹಾಗೆ ಮಾಡೋ ಹೊಂದಾಣಿಕೆ) ಸರಿಯಾಗಿ ಕೂರಿಸಿದ್ದೀರಾ, ಬೈಪಾಡ್ ಮೇಲೆ ಪ್ರತಿ ಸಲ ಒಂದೇ ಒತ್ತಡ ಇದ್ಯಾ, ಹಿಂದಿನ ಚೀಲವನ್ನ ಹಿಂಡಿ ಹಿಂಡಿ ಎತ್ತರ ಸರಿ ಮಾಡ್ತಿದ್ದೀರಾ, ಆಕ್ಷನ್ ಸ್ಕ್ರೂ ಸಡಿಲ ಆಗಿದ್ಯಾ ಅಂತ ನೋಡ್ಬೇಕು. ಬುಲೆಟ್‌ನ ಬಿ.ಸಿ. ಒಂದರಿಂದ ಒಂದಕ್ಕೆ ಬದಲಾಗ್ತಿದ್ರೂ ಹೀಗೇ ಕಾಣಿಸುತ್ತೆ, ಅದಕ್ಕೆ ಆಮೇಲೆ ಬರ್ತೀನಿ. ಈ ಒಂದು ದಿನದ ಕೆಲಸ ಮಾಡದೆ ಬ್ರ್ಯಾಂಡ್ ಮೇಲೆ ಬ್ರ್ಯಾಂಡ್ ಬದಲಾಯಿಸಿ ವರ್ಷಗಟ್ಟಲೆ ಒದ್ದಾಡಿದೋರನ್ನ ನೋಡಿದ್ದೀನಿ, ನೋಡಿದಾಗೆಲ್ಲಾ ಬೇಜಾರಾಗುತ್ತೆ.

ಇನ್ನೊಂದು ವಿಷಯ, ಹರಡುವಿಕೆ ನೆಟ್ಟಗೆ ಉದ್ದಕ್ಕಿಲ್ಲದೆ ಓರೆಯಾಗಿದ್ರೆ, ಅಂದ್ರೆ ಎಡಕ್ಕೆ ಹೋದವು ಸ್ವಲ್ಪ ಮೇಲೆ, ಬಲಕ್ಕೆ ಹೋದವು ಸ್ವಲ್ಪ ಕೆಳಗೆ ಬಿದ್ದಿದ್ರೆ, ಅದು ಗಾಳಿ. ಬಲಗಡೆ ತಿರುಗೋ ರೈಫ್ಲಿಂಗ್ ಇರೋ ಬ್ಯಾರಲ್‌ನಲ್ಲಿ ಬಲದಿಂದ ಬರೋ ಗಾಳಿ ಗುಂಡನ್ನ ಎಡಕ್ಕೆ ತಳ್ಳೋದರ ಜೊತೆಗೆ ಸ್ವಲ್ಪ ಮೇಲಕ್ಕೂ ಎತ್ತುತ್ತೆ, ಎಡದ ಗಾಳಿ ಬಲಕ್ಕೆ ತಳ್ಳಿ ಸ್ವಲ್ಪ ಕೆಳಕ್ಕೂ ಒತ್ತುತ್ತೆ. ಇದನ್ನ ಗೊತ್ತಿಲ್ಲದೆ ಅಮ್ಯುನಿಷನ್‌ನ ಬೈಯೋರು ತುಂಬಾ ಜನ.

ಮ್ಯಾಚ್ ಗ್ರೇಡ್ ಅಂದ್ರೇನು ಅಂತಾನೂ ಹೇಳಿಬಿಡ್ತೀನಿ, ಯಾಕಂದ್ರೆ ಆ ಪದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಅಂತ ಒಂದಿಲ್ಲ, ಇಂತಿಷ್ಟು ಗ್ರೂಪ್ ಕೊಟ್ರೆ ಮಾತ್ರ ಬರೀಬೇಕು ಅನ್ನೋ ನಿಯಮ ಇಲ್ಲ. ಒಳ್ಳೆ ಕಂಪನಿಗಳು ಅದನ್ನ ಗೌರವದಿಂದ ಬಳಸ್ತವೆ, ಅಷ್ಟೆ. ಒಳಗೆ ನಿಜವಾದ ವ್ಯತ್ಯಾಸ ಎಲ್ಲಿದೆ ಅಂದ್ರೆ ಬುಲೆಟ್‌ನ ಹಿಂಭಾಗದಲ್ಲಿ. ಸಾಮಾನ್ಯ ಮಿಲಿಟರಿ ಥರದ ಬುಲೆಟ್‌ನಲ್ಲಿ ತಾಮ್ರದ ಜಾಕೆಟ್ಟನ್ನ ಮೂತಿಯ ಕಡೆಯಿಂದ ಹೊದಿಸ್ತಾರೆ, ಮೂತಿ ಮುಚ್ಚಿರುತ್ತೆ, ಹಿಂದೆ ಸೀಸ ಕಾಣ್ತಿರುತ್ತೆ, ಆ ಅಂಚು ಒಂದೊಂದರಲ್ಲಿ ಒಂದೊಂದು ಥರ. ಮ್ಯಾಚ್ ಬುಲೆಟ್‌ನಲ್ಲಿ ಉಲ್ಟಾ, ಜಾಕೆಟ್ ಹಿಂದಿನಿಂದ ಪೂರ್ತಿ ಮುಚ್ಚಿಕೊಂಡು ಬಂದು ಮೂತಿಯಲ್ಲಿ ಸೂಜಿಮೊನೆಯಷ್ಟು ತೂತು ಬಿಟ್ಟು ಮುಗಿಯುತ್ತೆ. ಆ ತೂತು ಏನನ್ನೋ ಮಾಡ್ಲಿ ಅಂತ ಇಟ್ಟಿರೋದಲ್ಲ, ತಯಾರಿಸೋ ರೀತಿಯಿಂದ ಉಳಿದದ್ದು. ಬ್ಯಾರಲ್ ತುದಿಯಿಂದ ಗುಂಡು ಹೊರಗೆ ಬರೋ ಕ್ಷಣದಲ್ಲಿ ಹಿಂದಿನಿಂದ ಗ್ಯಾಸ್ ನುಗ್ಗಿ ಬರ್ತಿರುತ್ತೆ, ಆಗ ಹಿಂಭಾಗ ಸುತ್ತಲೂ ಒಂದೇ ಸಮ ಇದ್ರೆ ಗುಂಡು ನೆಟ್ಟಗೆ ಹೋಗುತ್ತೆ, ಒಂದು ಪಕ್ಕ ಚೂರು ಸೊಟ್ಟ ಇದ್ರೂ ಗ್ಯಾಸು ಅದನ್ನ ಪಕ್ಕಕ್ಕೆ ತಳ್ಳುತ್ತೆ. ಮೂತಿ ಸ್ವಲ್ಪ ಜಜ್ಜಿದ್ರೆ ಹತ್ತಿರದಲ್ಲಿ ಏನೂ ಆಗಲ್ಲ, ಹಿಂಭಾಗ ಜಜ್ಜಿದ್ರೆ 100 ಮೀಟರ್‌ನಲ್ಲೇ ಗೊತ್ತಾಗುತ್ತೆ.

ಆದ್ರೆ ದೂರಕ್ಕೆ ಹೋದಾಗ ಮೂತಿಯೂ ಮಾತಾಡೋಕೆ ಶುರು ಮಾಡುತ್ತೆ. ಆ ತೂತಿನ ಅಂಚು ಒಂದೊಂದು ಬುಲೆಟ್‌ನಲ್ಲಿ ಸ್ವಲ್ಪ ಬೇರೆ ಬೇರೆ ಇದ್ರೆ ಗಾಳಿಯ ತಡೆ ಬೇರೆ ಬೇರೆ ಆಗುತ್ತೆ, ಅಂದ್ರೆ ಬಿ.ಸಿ. ಬದಲಾಗುತ್ತೆ, ಒಂದೇ ವೇಗದಲ್ಲಿ ಹೊರಟ ಎರಡು ಗುಂಡು ಬೇರೆ ಬೇರೆ ಎತ್ತರದಲ್ಲಿ ಬೀಳ್ತವೆ. ನಾನು ಮೇಲೆ ಹೇಳಿದ, ವೇಗಕ್ಕೆ ಹೊಂದದ ಹರಡುವಿಕೆಗೆ ಇದೂ ಒಂದು ಕಾರಣ. ಪ್ಲಾಸ್ಟಿಕ್ ತುದಿಯ ಬುಲೆಟ್ ಬಂದದ್ದರಿಂದ ಮೊನೆಯ ಆಕಾರವೇನೋ ಒಂದೇ ಸಮ ಆಯ್ತು, ಆದ್ರೆ ಅದಕ್ಕೂ ಒಂದು ಕಥೆ ಇದೆ, ಹಾರ್ನಡಿ ಕಂಪನಿಯವರು ಡಾಪ್ಲರ್ ರೇಡಾರ್‌ನಲ್ಲಿ ಗುಂಡನ್ನ ದೂರದ ತನಕ ಹಿಂಬಾಲಿಸಿ ನೋಡಿದಾಗ ಹಳೆ ಪ್ಲಾಸ್ಟಿಕ್ ತುದಿಗಳು ಗಾಳಿಯ ಬಿಸಿಗೆ ಹಾರಾಟದಲ್ಲೇ ಮೆತ್ತಗಾಗಿ ಆಕಾರ ಕಳ್ಕೊಳ್ತಿವೆ ಅಂತ ಗೊತ್ತಾಯ್ತು, 2015ರ ಹೊತ್ತಿಗೆ ಶಾಖ ತಡೆಯೋ ಹೊಸ ತುದಿ ಹಾಕಿ ಇ.ಎಲ್.ಡಿ. ಅನ್ನೋ ಬುಲೆಟ್ ತಂದ್ರು. ಹತ್ತಿರದ ಗುರಿಗೆ ಇದರಿಂದ ಏನೂ ವ್ಯತ್ಯಾಸ ಇಲ್ಲ, ನಿಮ್ಮ ದೂರಕ್ಕೆ ಇದೆ.

ಡಬ್ಬಿ ಮೇಲಿನ ಬಿ.ಸಿ. ನೋಡಿ ಆರಿಸೋದಾ ಅಂತ ಕೇಳಿದ್ರಿ. ಮೊದಲು ಜಿ1 ನಂಬರ್ ಯಾವುದು ಜಿ7 ನಂಬರ್ ಯಾವುದು ನೋಡ್ಕೊಳ್ಳಿ, ಒಂದನ್ನ ಇನ್ನೊಂದರ ಜೊತೆ ಹೋಲಿಸಬೇಡಿ. ಅದೇ 140 ಗ್ರೇನ್ ಇ.ಎಲ್.ಡಿ. ಮ್ಯಾಚ್ ಬುಲೆಟ್‌ಗೆ ಜಿ1 ಪ್ರಕಾರ 0.646 ಅಂತಾರೆ, ಜಿ7 ಪ್ರಕಾರ 0.326, ಎರಡೂ ಒಂದೇ ಗುಂಡು. ಜಿ1 ಅನ್ನೋದು ಹಳೇ ಕಾಲದ ಚಪ್ಪಟೆ ತಳದ ಮೊಂಡು ಗುಂಡಿನ ಅಳತೆ, ಈಗಿನ ಉದ್ದ ಮೂತಿಯ, ದೋಣಿ ಬಾಲದ ಗುಂಡಿಗೆ ಜಿ7 ಹತ್ತಿರ ಇದೆ, ವೇಗ ಇಳಿದಂಗೂ ಜಾಸ್ತಿ ಬದಲಾಗಲ್ಲ, ದೊಡ್ಡದಾಗಿ ಕಾಣುತ್ತೆ ಅಂತ ಡಬ್ಬಿ ಮೇಲೆ ಜಿ1 ಹಾಕಿರ್ತಾರೆ. ಬಿ.ಸಿ. ಜಾಸ್ತಿ ಇದ್ರೆ ಲಾಭ ಗಾಳಿಯಲ್ಲಿ: ಸೆಕೆಂಡಿಗೆ ನಾಲ್ಕೂವರೆ ಮೀಟರ್ ಅಡ್ಡಗಾಳಿಯಲ್ಲಿ ನಿಮ್ಮ ಗುಂಡು 1000 ಮೀಟರ್‌ಗೆ ಎರಡು ಮೀಟರ್ ಆಸುಪಾಸು ಸರಿಯುತ್ತೆ, .308 ವಿಂಚೆಸ್ಟರ್‌ನ 175 ಗ್ರೇನ್ ಗುಂಡು ಮೂರು ಮೀಟರ್ ದಾಟುತ್ತೆ. ಆದ್ರೆ 140ರ ಬದಲು 147 ಗ್ರೇನ್‌ಗೆ ಹೋದ್ರೆ ಸಿಗೋ ಲಾಭ ಅಷ್ಟು ದೊಡ್ಡದಲ್ಲ, ಆ 147 ನಿಮ್ಮ ಬ್ಯಾರಲ್‌ನಲ್ಲಿ ಎಸ್.ಡಿ. 6 ಕೊಟ್ಟು 140 ಗ್ರೇನು 3 ಕೊಡ್ತಿದ್ರೆ ಗಾಳಿಯಲ್ಲಿ ಉಳಿಸಿದ್ದನ್ನ ಎತ್ತರದಲ್ಲಿ ಬಡ್ಡಿ ಸಮೇತ ಕಳ್ಕೋತೀರ. ನಿಮ್ಮ ತೊಂದ್ರೆ ಗಾಳಿಯಲ್ಲಿ ಇಲ್ಲವೇ ಇಲ್ಲ, ನೀವೇ ಹೇಳಿದ್ದೀರ, ಹಾಗಾಗಿ ಭಾರದ ಬುಲೆಟ್ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ.

ಟ್ವಿಸ್ಟ್ ವಿಷಯಕ್ಕೆ ನೀವು ತಲೆ ಕೆಡಿಸ್ಕೋಬೇಕಿಲ್ಲ, 1:8 ನಿಮ್ಮ ಕ್ಯಾಲಿಬರ್‌ನ ಎರಡೂ ತೂಕಕ್ಕೂ ಸಾಕು. .223 ರೆಮಿಂಗ್ಟನ್ ಇರೋರು ಮಾತ್ರ ಜೋಪಾನ, 1:12 ಬ್ಯಾರಲ್‌ಗೆ 77 ಗ್ರೇನ್ ಹಾಕಿದ್ರೆ ಗುಂಡು ಹಾರಾಟದಲ್ಲಿ ಪಲ್ಟಿ ಹೊಡೆದು ಟಾರ್ಗೆಟ್‌ನಲ್ಲಿ ಉದ್ದದ ತೂತು ಬೀಳುತ್ತೆ, ಅದಕ್ಕೆ 1:8 ಅಥವಾ ಅದಕ್ಕಿಂತ ಬಿಗಿ ಬೇಕು. .308 ಇರೋರಿಗೆ ಇನ್ನೊಂದು ಬಲೆ ಇದೆ: 168 ಗ್ರೇನ್ ಮ್ಯಾಚ್‌ಕಿಂಗ್ ಬುಲೆಟ್ 600 ಮೀಟರ್ ತನಕ ಅದ್ಭುತ, ತಲೆಮಾರುಗಳೇ ಅದನ್ನ ನಂಬ್ಕೊಂಡು ಪದಕ ಗೆದ್ದಿವೆ, ಆದ್ರೆ 800-900 ಮೀಟರ್ ದಾಟ್ತಿದ್ದ ಹಾಗೆ ವೇಗ ಶಬ್ದದ ವೇಗದ ಹತ್ತಿರ ಇಳಿಯುತ್ತೆ, ಅದರ ಬಾಲದ ಕೋನ ಕಡಿದಾಗಿರೋದ್ರಿಂದ ಅಲ್ಲಿ ಅದು ತೂರಾಡೋಕೆ ಶುರು ಮಾಡುತ್ತೆ. 175 ಗ್ರೇನ್ ಬುಲೆಟ್‌ನ ಬಾಲ ಇನ್ನೂ ನಯವಾಗಿದೆ, ಆ ಹಂತವನ್ನ ಅದು ಅಷ್ಟು ಒದ್ದಾಡದೆ ದಾಟುತ್ತೆ. ಅದೇ ಕಂಪನಿ, ಏಳೇ ಗ್ರೇನ್ ವ್ಯತ್ಯಾಸ, 100 ಮೀಟರ್‌ನಲ್ಲಿ 168 ಎಷ್ಟೋ ರೈಫಲ್‌ಗಳಲ್ಲಿ ಚಿಕ್ಕ ಗ್ರೂಪ್ ಕೊಡುತ್ತೆ, 1000ದಲ್ಲಿ ಟಾರ್ಗೆಟ್ ಬೋರ್ಡನ್ನೇ ತಪ್ಪಿಸ್ಬಹುದು. ನಿಮ್ಮ 6.5ರಲ್ಲಿ 140 ಗ್ರೇನು 1000 ಮೀಟರ್‌ನಲ್ಲೂ ಶಬ್ದದ ವೇಗಕ್ಕಿಂತ ಮೇಲೇ ಇರುತ್ತೆ, ಅದು ನಿಮ್ಮ ಪುಣ್ಯ. (ಒಂದು ಮಾತು, ಮುಂದೆ ಎಫ್-ಕ್ಲಾಸ್ ಆಡೋ ಯೋಚನೆ ಇದ್ರೆ ಎಫ್-ಟಿಆರ್ ವಿಭಾಗದಲ್ಲಿ .223 ಮತ್ತು .308 ಮಾತ್ರ ಬಿಡ್ತಾರೆ, ನಿಮ್ಮದು ಎಫ್-ಓಪನ್‌ಗೆ ಹೋಗುತ್ತೆ.)

ನಿಮ್ಮ ಬ್ಯಾರಲ್‌ಗೆ ಯಾವುದು ಹಿಡಿಸುತ್ತೆ ಅನ್ನೋದರಲ್ಲಿ ಮೂತಿಯ ವಕ್ರದ ಪಾಲೂ ಇದೆ. ಕಾರ್ಟ್ರಿಡ್ಜ್ ಚೇಂಬರ್‌ನಲ್ಲಿ ಕೂತಾಗ ಬುಲೆಟ್‌ಗೂ ರೈಫ್ಲಿಂಗ್ ಶುರುವಾಗೋ ಜಾಗಕ್ಕೂ ನಡುವೆ ಒಂದು ಸಣ್ಣ ಸಂದು ಇರುತ್ತೆ, ಗುಂಡು ಅದನ್ನ ಹಾರಿ ಹೋಗಿ ರೈಫ್ಲಿಂಗ್ ಹಿಡೀಬೇಕು. ಫ್ಯಾಕ್ಟರಿಯವರು ಮ್ಯಾಗಜಿನ್‌ನಲ್ಲಿ ಹಿಡಿಯೋ ಉದ್ದಕ್ಕೇ ಮಾಡ್ಬೇಕು, ಹಾಗಾಗಿ ಆ ಸಂದು ನಿಮ್ಮ ಕೈಯಲ್ಲಿಲ್ಲ. ಹಳೇ ಮಾದರಿಯ, ನಿಧಾನವಾಗಿ ಬಾಗೋ ಮೂತಿ ಇರೋ ಬುಲೆಟ್‌ಗಳು ಸಂದು ಜಾಸ್ತಿ ಇದ್ರೂ ಸಹಿಸ್ಕೋತವೆ, ತೀರಾ ಚೂಪಾದ, ಬಿ.ಸಿ.ಗೋಸ್ಕರ ಎಳೆದು ಮಾಡಿದ ಮೂತಿಯವು ಹಠಮಾರಿಗಳು, ಅವಕ್ಕೆ ಸಂದು ಇಷ್ಟೇ ಇರ್ಬೇಕು. ಎರಡನ್ನೂ ಬೆರೆಸಿದ ಹೈಬ್ರಿಡ್ ಮೂತಿಗಳೂ ಇವೆ. ಅತ್ಯುತ್ತಮ ಅಂತ ಹೆಸರಾದ ಡಬ್ಬಿ ನಿಮ್ಮ ರೈಫಲ್‌ನಲ್ಲಿ ಸಾಧಾರಣವಾಗಿ ಹೊಡೆದ್ರೆ ರೈಫಲ್ಲೂ ಕೆಟ್ಟದಲ್ಲ ಡಬ್ಬಿಯೂ ಕೆಟ್ಟದಲ್ಲ, ಅವೆರಡಕ್ಕೆ ಜಾತಕ ಕೂಡಿಲ್ಲ. ಅಂದಹಾಗೆ ಕೇಸ್ ಕುತ್ತಿಗೆ ಹತ್ರ ನೀಲಿ-ಕಂದು ಬಣ್ಣದ ಕಲೆ ಕಂಡ್ರೆ ಹಳೇ ಮಾಲು ಅಂತ ವಾಪಸ್ ಕೊಡ್ಬೇಡಿ, ಹಿತ್ತಾಳೆಯನ್ನ ಕಾಯಿಸಿ ಮೆದು ಮಾಡಿದ ಗುರುತು ಅದು, ಬುಲೆಟ್ಟನ್ನ ಪ್ರತಿ ಕೇಸೂ ಒಂದೇ ಬಿಗಿಯಲ್ಲಿ ಹಿಡಿಯೋಕೆ ಅದೇ ಕಾರಣ.

ಈಗ ಲಾಟ್ ನಂಬರ್, ನನಗೆ ಅತಿ ಮುಖ್ಯ ಅನ್ಸೋದು ಇದು. ಡಬ್ಬಿ ಮೇಲೆ ಎಲ್ಲೋ ಮೂಲೆಯಲ್ಲಿ, ಕೆಲವು ಸಲ ಒಳಗಿನ ಮುಚ್ಚಳದಲ್ಲಿ ಚಿಕ್ಕದಾಗಿ ಒಂದು ನಂಬರ್ ಹೊಡೆದಿರ್ತಾರೆ. ಒಂದು ಲಾಟ್ ಅಂದ್ರೆ ಒಂದೇ ಪೌಡರು, ಒಂದೇ ಪ್ರೈಮರು (ಪೌಡರ್‌ಗೆ ಕಿಡಿ ಹಚ್ಚೋ ಭಾಗ), ಒಂದೇ ಹದದಲ್ಲಿ ಕೂರಿಸಿದ ಯಂತ್ರದಲ್ಲಿ ಬಂದದ್ದು. ಪೌಡರ್ ಲಾಟ್ ಬದಲಾದ್ರೆ ಅದು ಉರಿಯೋ ರೀತಿ ಚೂರು ಬದಲಾಗುತ್ತೆ, ಫ್ಯಾಕ್ಟರಿಯವರು ಸರಿದೂಗಿಸ್ತಾರೆ, ಆದ್ರೆ ಅವರ ಬ್ಯಾರಲ್‌ಗೆ. ಕೆಲವು ವರ್ಷದ ಹಿಂದೆ ಒಂದು ಪಂದ್ಯಕ್ಕೆ ಹೋಗೋ ಮುಂಚೆ ನನ್ನ ಹತ್ರ ಅರ್ಧ ಡಬ್ಬಿ ಕಮ್ಮಿ ಬಿತ್ತು, ಅದೇ ಕಂಪನಿ, ಅದೇ ಬುಲೆಟ್, ಅದೇ ಬಣ್ಣದ ಡಬ್ಬಿ ಇನ್ನೊಂದು ತಂದು ಸೇರಿಸ್ಕೊಂಡೆ, ನಂಬರ್ ನೋಡಲೇ ಇಲ್ಲ. ಮೊದಲ ಸುತ್ತು ಚೆನ್ನಾಗಿ ಹೋಯ್ತು, ಎರಡನೇ ಸುತ್ತಿನ ಮಧ್ಯದಲ್ಲಿ ಹೊಸ ಡಬ್ಬಿ ತೆರೆದ ಮೇಲೆ ಗುಂಡು ಒಂದು ಕೈಯಗಲ ಮೇಲೆ ಮೇಲೆ ಬೀಳೋಕೆ ಶುರು ಆಯ್ತು, ನಾನು ಗಾಳಿ ಅಂದ್ಕೊಂಡೆ, ಬಿಸಿಲು ಅಂದ್ಕೊಂಡೆ, ಸ್ಕೋಪ್ ಕ್ಲಿಕ್ ಮಾಡಿದೆ, ಮತ್ತೆ ವಾಪಸ್ ಮಾಡಿದೆ, ಅಷ್ಟರಲ್ಲಿ ಆ ಸುತ್ತು ಮುಗಿದಿತ್ತು. ಮನೆಗೆ ಬಂದು ಎರಡೂ ಲಾಟ್ ಅಳೆದಾಗ ಸರಾಸರಿಯಲ್ಲೇ 9 ಮೀಟರ್ ಅಂತರ ಇತ್ತು. ಎರಡಕ್ಕೂ ಎಸ್.ಡಿ. ಚೆನ್ನಾಗೇ ಇತ್ತು, ಬೇರೆ ಬೇರೆಯಾಗಿ ಹೊಡೆದ್ರೆ ಎರಡೂ ಒಳ್ಳೆ ಅಮ್ಯುನಿಷನ್ನೇ.

.22 ರಿಮ್‌ಫೈರ್ ಶೂಟರ್‌ಗಳು ಈ ವಿಷಯದಲ್ಲಿ ನಮಗಿಂತ ಎಷ್ಟೋ ಮುಂದೆ ಇದ್ದಾರೆ. ಏಲಿ, ಲಾಪುವಾ ಅಂಥ ಕಂಪನಿಗಳ ಟೆಸ್ಟ್ ಸೆಂಟರ್‌ಗೆ ತಮ್ಮ ರೈಫಲ್ಲನ್ನೇ ತಗೊಂಡು ಹೋಗಿ, ಕ್ಲ್ಯಾಂಪ್‌ನಲ್ಲಿ ಕೂರಿಸಿ ಲಾಟ್ ಮೇಲೆ ಲಾಟ್ ಹೊಡೆಸಿ, ತಮ್ಮ ಬ್ಯಾರಲ್ ಒಪ್ಪಿದ ಲಾಟನ್ನೇ ಇಡೀ ಸೀಸನ್‌ಗೆ ಕೊಂಡು ಬರ್ತಾರೆ. ಸೆಂಟರ್‌ಫೈರ್‌ನಲ್ಲಿ ಆ ಸೌಲಭ್ಯ ಸುಲಭಕ್ಕೆ ಸಿಗಲ್ಲ, ಆದ್ರೆ ಬುದ್ಧಿ ಅದೇ.

ಹಾಗಾಗಿ ನೀವು ಮಾಡ್ಬೇಕಾದ್ದು ಹೀಗೆ. ಈಗಿರೋ ಡಬ್ಬಿಯನ್ನ ಮೊದಲು ಅಳೀರಿ, ಅದು ತಪ್ಪಿತಸ್ಥ ಅಂತ ಖಚಿತ ಆದ್ರೆ ಬೇರೆ ಬೇರೆ ಥರದ ಮೂತಿ ಇರೋ ಎರಡೋ ಮೂರೋ ಅಮ್ಯುನಿಷನ್ ತನ್ನಿ, ಒಂದೊಂದರಲ್ಲಿ ಎರಡೆರಡು ಡಬ್ಬಿ, ಎರಡರ ಲಾಟ್ ನಂಬರೂ ಒಂದೇ ಇರ್ಲಿ. ಒಂದು ಬ್ರ್ಯಾಂಡ್‌ನಿಂದ ಇನ್ನೊಂದಕ್ಕೆ ಹೋಗುವಾಗ ಮೊದಲ ಐದಾರು ಶಾಟ್ ಲೆಕ್ಕಕ್ಕೆ ಬೇಡ, ಬ್ಯಾರಲ್ ಒಳಗೆ ಹಿಂದಿನ ಪೌಡರ್‌ನ ಕಿಟ್ಟ ಇರುತ್ತೆ, ಹೊಸದು ಕೂತ್ಕೊಳ್ಳೋಕೆ ಅಷ್ಟು ಬೇಕು. ಪೂರ್ತಿ ತೊಳೆದ ಬ್ಯಾರಲ್‌ಗೂ ಅದೇ ಮಾತು. ಆಮೇಲೆ 100 ಮೀಟರ್‌ನಲ್ಲೇ ಹತ್ತರ ಎರಡು ಗ್ರೂಪ್, ಬ್ಯಾರಲ್ ಕಾಯದ ಹಾಗೆ ನಿಧಾನಕ್ಕೆ, ಪ್ರತಿ ಶಾಟಿನ ವೇಗ ಬರ್ಕೊಂಡು. ಇಲ್ಲಿ ಗ್ರೂಪ್‌ಗೆ ನಾನು ಕೇಳೋದು ಹತ್ತು ಶಾಟ್ ಒಂದು ಮಿನಿಟ್ ಒಳಗಿರ್ಲಿ ಅಂತ, ಅಷ್ಟೆ, ಐದು ಶಾಟ್‌ನ ಅರ್ಧ ಇಂಚು ಹತ್ತು ಶಾಟಿಗೆ ಮುಕ್ಕಾಲು ಇಂಚು ಆದ್ರೆ ಆಶ್ಚರ್ಯ ಪಡ್ಬೇಡಿ, ಅದೇ ನಿಜವಾದ ಅಳತೆ. ಆ ಜರಡಿ ದಾಟಿದವುಗಳಲ್ಲಿ ಎಸ್.ಡಿ. ಕಮ್ಮಿ ಇರೋದನ್ನ ಎತ್ಕೊಂಡು ಉಳಿದ ಡಬ್ಬಿಯನ್ನ 1000 ಮೀಟರ್‌ನಲ್ಲಿ ಹೊಡೀರಿ. 0.7 ಮಿನಿಟ್ ಗ್ರೂಪು, 3 ಎಸ್.ಡಿ. ಇರೋದು ಒಂದು ಕಡೆ, 0.4 ಮಿನಿಟ್ ಗ್ರೂಪು, 6 ಎಸ್.ಡಿ. ಇರೋದು ಇನ್ನೊಂದು ಕಡೆ ಇಟ್ರೆ, ನಿಮ್ಮ ದೂರಕ್ಕೆ ನಾನು ಯೋಚನೆ ಮಾಡ್ದೆ ಮೊದಲನೇದು ಎತ್ಕೋತೀನಿ. ಗೆದ್ದ ಲಾಟ್ ಸಿಕ್ಕ ತಕ್ಷಣ, ಅದೇ ವಾರ, ಅದೇ ನಂಬರ್‌ನದ್ದು ಸೀಸನ್‌ಗೆ ಆಗುವಷ್ಟು ತಗೊಳ್ಳಿ, ತಿಂಗಳು ಬಿಟ್ಟು ಹೋದ್ರೆ ಅದು ಇರಲ್ಲ.

ಟೆಸ್ಟ್ ಮಾಡೋ ದಿನದ ಬಿಸಿಲನ್ನೂ ಬರ್ಕೊಳ್ಳಿ. ಪೌಡರ್ ಬಿಸಿಯಾದಷ್ಟು ಒತ್ತಡ, ವೇಗ ಎರಡೂ ಏರುತ್ತೆ, ಕೆಲವು ಪೌಡರ್‌ಗಳಲ್ಲಿ ಕಮ್ಮಿ, ಕೆಲವದರಲ್ಲಿ 20 ಡಿಗ್ರಿ ವ್ಯತ್ಯಾಸಕ್ಕೆ 10 ಮೀಟರ್ ಮೇಲೆ ಹೋಗುತ್ತೆ. ಚಾಪೆ ಮೇಲೆ ಬಿಸಿಲಲ್ಲಿ ತೆರೆದಿಟ್ಟ ಡಬ್ಬಿಯ ಮೇಲಿನ ಸಾಲು ಒಂದು ವೇಗ, ಕೆಳಗಿನ ಸಾಲು ಇನ್ನೊಂದು ವೇಗ ಕೊಡೋದನ್ನ ನಾನೇ ಅಳೆದಿದ್ದೀನಿ. ನೆರಳಲ್ಲಿ ಮುಚ್ಚಿಡಿ, ಬಿಸಿಲಲ್ಲಿ ನಿಂತ ಕಾರೊಳಗೆ ಬಿಡಬೇಡಿ. ಅದಕ್ಕಿಂತ ಜಾಸ್ತಿ ಜನ ಮಾಡೋ ತಪ್ಪು ಬಿಸಿ ಚೇಂಬರ್‌ನಲ್ಲಿ ಕಾರ್ಟ್ರಿಡ್ಜ್ ತುಂಬಿಟ್ಟು ಗಾಳಿ ನಿಲ್ಲಲಿ ಅಂತ ಎರಡು ನಿಮಿಷ ಕಾಯೋದು, ಅದು ಒಳಗೇ ಕಾದು ಮೇಲಕ್ಕೆ ಬೀಳುತ್ತೆ. ಗಾಳಿ ನೋಡಿ, ಆಮೇಲೆ ತುಂಬಿ. ಇನ್ನು ಬ್ಯಾರಲ್ ಹೊಸದಾಗಿದ್ರೆ ಮೊದಲ ನೂರಿನ್ನೂರು ಶಾಟ್‌ನಲ್ಲಿ ವೇಗ ತಾನಾಗೇ ಸ್ವಲ್ಪ ಏರುತ್ತೆ, ಅಷ್ಟು ಮುಗಿಯೋ ತನಕ ಲಾಟ್ ಆರಿಸೋ ಕೆಲಸಕ್ಕೆ ಕೈ ಹಾಕ್ಬೇಡಿ.

ಸುರಕ್ಷತೆ ಬಗ್ಗೆ ಎರಡು ಮಾತು ಹೇಳದೆ ಬಿಡೋಕಾಗಲ್ಲ. ಬ್ಯಾರಲ್ ಮೇಲೆ ಏನು ಕೆತ್ತಿದ್ಯೋ ಅದೇ ಕಾರ್ಟ್ರಿಡ್ಜ್ ಹಾಕಿ, "ಅದೇ ಥರ ಇದೆ" ಅನ್ನೋ ಮಾತೇ ಬೇಡ, 5.56 ಅನ್ನೋದನ್ನ .223 ಚೇಂಬರ್‌ಗೆ ಹಾಕಿದ್ರೆ ಕೂರುತ್ತೆ, ಆದ್ರೆ ಒತ್ತಡ ಮಿತಿ ಮೀರಬಹುದು. ಹೊಸ ಲಾಟ್‌ನಲ್ಲಿ ಬೋಲ್ಟ್ ಎತ್ತೋದು ಗಟ್ಟಿ ಆದ್ರೆ, ಪ್ರೈಮರ್ ತೂತಾದ್ರೆ, ಕೇಸ್ ಹಿಂಭಾಗದಲ್ಲಿ ಹೊಳೆಯೋ ಗುರುತು ಬಿದ್ರೆ ಅಲ್ಲೇ ನಿಲ್ಲಿಸಿ, ಡಬ್ಬಿ ಮುಚ್ಚಿ. ಟ್ರಿಗರ್ ಒತ್ತಿದಾಗ ಹೊಡೀಲಿಲ್ಲ ಅಂದ್ರೆ ಮೂತಿ ಗುರಿ ಕಡೆಗೇ ಇಟ್ಕೊಂಡು ಕನಿಷ್ಠ ಅರ್ಧ ನಿಮಿಷ ಕಾದು ಆಮೇಲೆ ಬೋಲ್ಟ್ ತೆಗೀರಿ, ಟುಸ್ ಅಂತ ಮೆತ್ತಗೆ ಸದ್ದು ಬಂದ್ರೆ ಬ್ಯಾರಲ್ ಒಳಗೆ ಗುಂಡು ಸಿಕ್ಕಿದ್ಯಾ ಅಂತ ನೋಡದೆ ಇನ್ನೊಂದು ಹಾಕಲೇಬೇಡಿ.

ಹಳೇ ಲಾಟ್ ಮುಗೀತಾ ಬಂದಾಗ ಪೂರ್ತಿ ಖಾಲಿ ಮಾಡ್ಬೇಡಿ, ಇಪ್ಪತ್ತು ಕಾರ್ಟ್ರಿಡ್ಜ್ ಎತ್ತಿಡಿ. ಹೊಸ ಲಾಟ್ ಬಂದ ದಿನ ಎರಡನ್ನೂ ಒಂದೇ ದಿನ, ಒಂದೇ ಬಿಸಿಲಲ್ಲಿ, ಹಳೇದು ಹತ್ತು ಹೊಸದು ಹತ್ತು ಅಂತ ಎರಡೆರಡು ಸಲ ಹೊಡೆದು ಸರಾಸರಿ ವೇಗ ಹೋಲಿಸಿ, ಮೂರು ಮೀಟರ್‌ಗಿಂತ ಜಾಸ್ತಿ ಅಂತರ ಬಂದ್ರೆ 1000 ಮೀಟರ್ ಕ್ಲಿಕ್ಕನ್ನ ಮತ್ತೆ ಹೊಸದಾಗಿ ಹೊಡೆದು ನೋಡ್ಕೊಂಡು, ಆ ನಂಬರನ್ನ ಡಬ್ಬಿ ಮುಚ್ಚಳದ ಮೇಲೆ ಪೆನ್ನಲ್ಲಿ ಬರ್ದಿಡಿ.